ಕೆತ್ತೋ ಕುಂಬಳ, ತಿನ್ನೋ ಕುಂಬಳ

ಅಕ್ಟೋಬರ್ ಬಂತೆಂದರೆ ಇಲ್ಲಿ ಅಮೇರಿಕದಲ್ಲಿ ಮನೆಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿಗಳು ಬಂದು ಕೂರುತ್ತವೆ. ಮರದ ಎಲೆಗಳೆಲ್ಲ ಕೆಂಪಾಗೋ ಹೊತ್ತಿಗೆ ಆ ಕಿತ್ತಳೆ ಬಣ್ಣ ಕಣ್ಣಿಗೆ ಹಬ್ಬವೇ ಸರಿ. ಮಕ್ಕಳು ತಿರುಳು ಬಗೆದು, ಕಣ್ಣು ಮೂಗು ಹಲ್ಲು ಕೊರೆದು, ಒಳಗೆ ದೀಪ ಇಡೋ ಸಂಭ್ರಮಕ್ಕೂ ನನ್ನ ತಕರಾರಿಲ್ಲ. ತಕರಾರು ಇರೋದು ನವೆಂಬರ್ ಒಂದನೇ ತಾರೀಖಿನ ಬಗ್ಗೆ. ಅವತ್ತು ನಮಗೆ ರಾಜ್ಯೋತ್ಸವ, ಕುಂಬಳಕಾಯಿಗಳಿಗೆ ತಿಥಿ! ಅಷ್ಟು ತರಕಾರಿ ಸೀದಾ ಕಸದ ಡಬ್ಬಿಗೆ.

'ಅದು ತಿನ್ನೋ ಕಾಯಲ್ಲ ಬಿಡಿ' ಅನ್ನೋರಿದ್ದಾರೆ. ಅರ್ಧ ನಿಜ. ಕೆತ್ತನೆಗೆಂದೇ ಬೆಳೆಸೋ ಹೌಡನ್ ಥರದ ತಳಿಗಳ ತಿರುಳು ನಾರುನಾರು, ನೀರುನೀರು, ಸಿಹಿ ಕಮ್ಮಿ. ಹಾಗಂತ ವಿಷವೇನಲ್ಲ. ರುಚಿ ಬೇಕಾದವರಿಗೆ ಬೇರೆ ಕಾಯಿಯೇ ಇದೆ. ಇಲಿನಾಯ್ ರಾಜ್ಯದ ಮಾರ್ಟನ್ ಅನ್ನೋ ಊರು ತನ್ನನ್ನು 'ಪ್ರಪಂಚದ ಕುಂಬಳಕಾಯಿ ರಾಜಧಾನಿ' ಅಂತ ಕರೆದುಕೊಳ್ಳುತ್ತೆ. ಅಲ್ಲಿನ ಲಿಬ್ಬೀಸ್ ಕಾರ್ಖಾನೆ ಡಬ್ಬಿಗೆ ತುಂಬೋದು ಡಿಕಿನ್ಸನ್ ಜಾತಿಯ ಕಾಯಿ. ಅದು ಕುಕುರ್ಬಿಟಾ ಮೊಸ್ಕಾಟ, ಅಂದ್ರೆ ನಮ್ಮ ಸಿಹಿಗುಂಬಳದ ಕುಲವೇ! ಹುಳಿಗೆ, ಪಲ್ಯಕ್ಕೆ ಅಂತ ನಾವು ಇಲ್ಲಿ ತರೋ ಬಟರ್‌ನಟ್ ಕೂಡ ಅದೇ ಕುಲ. ಚೀನಿಕಾಯಿ ಸಿಗಲಿಲ್ಲ ಅಂತ ಕೊರಗೋ ಮಲೆನಾಡಿನವರು ಗಮನಿಸಬೇಕು.

(ಕಾಫಿ ವಿಷಯ ಹೇಳದಿದ್ದರೆ ಹೊಟ್ಟೆನೋವು ಬರುತ್ತೆ. ಸ್ಟಾರ್‌ಬಕ್ಸ್‌ನವರು 2003ರಲ್ಲಿ ಶುರುಮಾಡಿದ ಪಂಪ್‌ಕಿನ್ ಸ್ಪೈಸ್ ಲಾಟೆಯಲ್ಲಿ 2015ರ ತನಕ ಕುಂಬಳಕಾಯಿಯೇ ಇರಲಿಲ್ಲ. ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ ಇದ್ದವು, ತರಕಾರಿ ಮಾತ್ರ ನಾಪತ್ತೆ.)

ಇನ್ನು ಅಮೇರಿಕದವರನ್ನು ಆಡಿಕೊಳ್ಳೋ ಮುಂಚೆ ನಮ್ಮ ಹೆಗಲನ್ನೂ ಮುಟ್ಟಿ ನೋಡಿಕೊಳ್ಳೋಣ. ಐರ್ಲೆಂಡಿನವರು ದೆವ್ವ ಓಡಿಸೋಕೆ ಟರ್ನಿಪ್ ಗಡ್ಡೆಯಲ್ಲಿ ಮುಖ ಕೊರೀತಿದ್ದರು. ಅಮೇರಿಕಕ್ಕೆ ವಲಸೆ ಬಂದಮೇಲೆ ದೊಡ್ಡ ಕುಂಬಳಕಾಯಿ ಸಿಕ್ಕಿತು, ಗಡ್ಡೆ ಮೂಲೆಗೆ ಹೋಯಿತು. ನಾವು ಕಟ್ಟೋ ಮನೆಯ ಮುಂದೆ ಬೂದುಗುಂಬಳಕ್ಕೆ ರಾಕ್ಷಸನ ಮೀಸೆ ಬರೆದು ನೇತುಹಾಕಲ್ವೆ? ಎರಡೂ ಒಂದೇ ಕಸುಬು. ಆಯುಧಪೂಜೆ ದಿನ ಕುಂಕುಮ ತುಂಬಿ ರಸ್ತೆಗೆ ಒಡೆದು, ಹಿಂದೆ ಬರೋ ಸ್ಕೂಟರಿನವನನ್ನು ಜಾರಿಸಿ ಬೀಳಿಸೋದು ಮಾತ್ರ ನಮ್ಮ ಸ್ವಂತ ಸಂಶೋಧನೆ. ತಮಾಷೆ ಅಂದ್ರೆ, ಒಡೆಯೋ ಬೂದುಗುಂಬಳ ಏಷ್ಯಾದ್ದೇ, ಅಡುಗೆಮನೆಯ ಸಿಹಿಗುಂಬಳ ಅಮೇರಿಕ ಖಂಡದಿಂದ ಬಂದದ್ದು.

ನನ್ನ ವಾದ ಇಷ್ಟೇ. ಮಕ್ಕಳಿಗೆ ಕೈಕೆಲಸ ಬೇಕಾ, ಕೊಯ್ಯದೆ ಮಾಡಿಸಿ. ಕಾಗದದ ಕಿವಿ, ದಾರದ ಮೀಸೆ, ಹಳೇ ಬಟ್ಟೆಯ ಟೋಪಿ. ಇಡೀ ಕಾಯಿ ತಂಪಾದ ಜಾಗದಲ್ಲಿ ವಾರಗಟ್ಟಲೆ ಕೆಡೋದಿಲ್ಲ, ಹಬ್ಬ ಮುಗಿದಮೇಲೆ ಟೋಪಿ ತೆಗೆದು ಹೆಚ್ಚಿದರಾಯಿತು. ಕೆತ್ತಲೇಬೇಕು ಅಂತ ಹಟ ಹಿಡಿದರೆ, ಬಗೆದ ತಿರುಳು ಬೀಜ ಆಗಲೇ ಅಡುಗೆಮನೆಗೆ ಬರಲಿ. ಮೇಣದಬತ್ತಿ ಉರಿದು ಹೊರಗೆ ರಾತ್ರಿ ಕಳೆದ ಬುರುಡೆಯನ್ನು ತಿನ್ನಬೇಡಿ, ಮೇಣ ಕೆರೆದು ಗೊಬ್ಬರಕ್ಕೆ ಹಾಕಿ.

ನೀರುನೀರಾದ ತಿರುಳು ದೋಸೆಗೆ ಹೇಳಿ ಮಾಡಿಸಿದ್ದು. ನೆನೆಸಿದ ಅಕ್ಕಿ ಜೊತೆ ರುಬ್ಬಿದರೆ ಬೇರೆ ನೀರೇ ಬೇಡ, ಒಂದಿಷ್ಟು ಬೆಲ್ಲ, ಚಿಟಿಕೆ ಉಪ್ಪು ಸಾಕು. ಬೀಜ ತೊಳೆದು ಒಣಗಿಸಿ, ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್‌ನಲ್ಲಿ ಗರಿಗರಿಯಾಗೋ ತನಕ ಹುರಿದರೆ ಸಂಜೆ ಚಹಾಕ್ಕೆ ಬೇರೇನೂ ಬೇಕಿಲ್ಲ.

ಸಿಪ್ಪೆ ಚಟ್ನಿಗೆ ನಾನು ಉದ್ದಿನಬೇಳೆ, ಒಣಮೆಣಸು, ಹುಣಸೆಹಣ್ಣು, ಕಾಯಿತುರಿ ಹಾಕ್ತೀನಿ. ನಿಮ್ಮ ಕಡೆ ಎಳ್ಳೂ ಹಾಕ್ತಾರಂತಲ್ಲ, ಹುರಿದೋ, ಹಸಿಯೋ? ಗೊತ್ತಿದ್ದವರು ಸ್ವಲ್ಪ ತಿಳಿಸಿ.