ರೆಕ್ಕೆ ನಮ್ಮದು, ಗುಂಡಿಗೆ ಯಾರದು?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ಆಯಿತು. ಮಂತ್ರಿಗಳು ಬಂದರು, ಭಾಷಣವಾಯಿತು, ವಾದ್ಯ ಮೊಳಗಿತು. ಮರುದಿನ ಕಳಸದ ಬಸ್ ನಿಲ್ದಾಣದ ಹೋಟೆಲಿನಲ್ಲಿ ನಾನು ಪತ್ರಿಕೆ ಓದಿ ಹೇಳುತ್ತಿದ್ದಾಗ, ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವವರೊಬ್ಬರು ಕೇಳಿದರು: "ಅಲ್ಲ ಮೇಷ್ಟ್ರೇ, 1963ರಲ್ಲಿ ತಂದದ್ದನ್ನ 62 ವರ್ಷ ಓಡಿಸೋದು ಅಂದ್ರೆ? ನಮ್ಮ ಸಾಹುಕಾರ್ರು ಹಲ್ಲರನ್ನೂ ಅಷ್ಟು ದಿನ ಇಟ್ಕೊಳ್ಳೋದಿಲ್ಲ." ಹೋಟೆಲಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಕೊನೆಗೆ ಹಾರಿದವು 1963ರ ಅವೇ ವಿಮಾನಗಳಲ್ಲ. ಜಾತಿ ಅದೇ; ನಾಸಿಕದಲ್ಲಿ ನಮ್ಮ ಕಾರ್ಮಿಕರೇ ಕಟ್ಟಿ, ಆಮೇಲೆ ಹೊಸ ಸಲಕರಣೆ ತೊಡಿಸಿದಂಥವು. 1971ರ ಯುದ್ಧದಲ್ಲಿ ಮಿಗ್ ದೇಶದ ಮಾನ ಉಳಿಸಿತೆಂಬುದೂ ಸುಳ್ಳಲ್ಲ. ಆದರೆ ಲೆಕ್ಕ ಕೇಳದೆ ಬಿಡುವಂತಿಲ್ಲ. 2012ರಲ್ಲಿ ರಕ್ಷಣಾ ಮಂತ್ರಿ ಎ. ಕೆ. ಆಂಟನಿಯವರು ಸಂಸತ್ತಿಗೆ ಕೊಟ್ಟ ಉತ್ತರದಂತೆ, ಅಲ್ಲಿಯವರೆಗೆ ಎಲ್ಲ ಬಗೆಯ ಮಿಗ್ ವಿಮಾನಗಳು ಸೇರಿ 482 ಅಪಘಾತಗಳಾಗಿದ್ದವು. ಅದರಲ್ಲಿ 171 ಮಂದಿ ವೈಮಾನಿಕರು, 39 ಮಂದಿ ನಾಗರಿಕರು ಸತ್ತಿದ್ದರು. ಇವರು ಶತ್ರುವಿನ ಗುಂಡಿಗೆ ಸತ್ತವರಲ್ಲ.

ಇದಕ್ಕೆ ಕಾರಣಗಳು ಹಲವು. ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನನ್ನ ಹಳೆಯ ಕಸುಬಿಗೆ ಸೇರಿದ್ದು. ಎಳೆಯ ಹುಡುಗರನ್ನು ಸಾವಧಾನದ ತರಬೇತಿ ವಿಮಾನದಿಂದ ಇಳಿಸಿ ನೇರವಾಗಿ ಮಿಗ್‌ಗೆ ಹತ್ತಿಸುತ್ತಿದ್ದರು. ಮೂರನೇ ಕ್ಲಾಸಿನ ಮಗುವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿದ ಹಾಗೆ! ನಡುವೆ ಒಂದು ಜೆಟ್ ತರಬೇತಿ ವಿಮಾನ ಬೇಕೇ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲಿ ಹೇಳಿತು. ಅದನ್ನು ಕೊಳ್ಳುವ ಕರಾರಿಗೆ ರುಜು ಬಿದ್ದದ್ದು 2004ರಲ್ಲಿ. ನಮ್ಮ ಬೀದರಿನ ನೆಲೆಗೆ ಹಾಕ್ ವಿಮಾನ ಸೇರಿದ್ದು 2008ರಲ್ಲಿ. ಇಪ್ಪತ್ತಾರು ವರ್ಷ ಕಡತ ತಿರುಗಿತು, ಹುಡುಗರು ನೆಲಕ್ಕೆ ಬಿದ್ದರು. 2003ರಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಅಂಬಾಲೆಯಲ್ಲಿ ತಾವೇ ಮಿಗ್-21 ಹತ್ತಿ ಹಾರಿ ಬಂದರು. ಧೈರ್ಯ ಮೆಚ್ಚತಕ್ಕದ್ದೇ. ಆದರೆ ನುರಿತ ವೈಮಾನಿಕನ ಹಿಂದೆ ಮಂತ್ರಿಯೊಬ್ಬರು ಒಂದು ಬೆಳಿಗ್ಗೆ ಕೂತು ಬಂದ ಮಾತ್ರಕ್ಕೆ ಏನು ಸಿದ್ಧವಾಯಿತು? ಸಮಾಜವಾದಿ ಪಾಳೆಯದಲ್ಲಿ ಬೆಳೆದವರೆಂದು ಈ ಪ್ರಶ್ನೆಯಿಂದ ಅವರನ್ನು ಬಿಟ್ಟುಬಿಡುವ ಹಾಗಿಲ್ಲ.

ಈಗ ಇಂದಿನ ಸ್ಥಿತಿ ನೋಡಿ. ಪಶ್ಚಿಮಕ್ಕೆ ಪಾಕಿಸ್ತಾನ, ಉತ್ತರಕ್ಕೆ ಚೀನಾ, ಎರಡನ್ನೂ ಒಟ್ಟಿಗೆ ಎದುರಿಸಬೇಕಾಗಬಹುದೆಂಬುದು ನಮ್ಮ ವಿಮಾನದಳದ ಯುದ್ಧನೀತಿ. ಅದಕ್ಕೆ ಸರ್ಕಾರವೇ ಮಂಜೂರು ಮಾಡಿದ್ದು 42 ಸ್ಕ್ವಾಡ್ರನ್. ಮಿಗ್-21 ಹೋದ ದಿನ ಉಳಿದದ್ದು 29. ಒಂದು ಸ್ಕ್ವಾಡ್ರನ್ ಎಂದರೆ 16ರಿಂದ 18 ವಿಮಾನ. ಎಷ್ಟು ಕಡಮೆಯೆಂದು ಗುಣಿಸಿ ನೋಡಿಕೊಳ್ಳಿ. ಕಾಗದದ ಮೇಲೆ ನೀತಿ ಬರೆಯುವುದು ಸುಲಭ. 1962ರಲ್ಲಿ ಹಂಟರ್, ಕ್ಯಾನ್‌ಬೆರಾ ವಿಮಾನಗಳಿದ್ದರೂ ಅವನ್ನು ಚೀನೀ ಸೈನ್ಯದ ಮೇಲೆ ಬಿಡದೆ, ವಿಮಾನದಳವನ್ನು ಸಾಮಾನು ಸಾಗಿಸುವುದಕ್ಕೆ ಮಾತ್ರ ಬಳಸಿದರು. ತಿರುಗಿ ನಮ್ಮ ಪಟ್ಟಣಗಳ ಮೇಲೆ ಬಾಂಬು ಬಿದ್ದೀತೆಂಬ ಭಯ. ಕೈಯಲ್ಲಿರುವುದು ಕಳೆದುಹೋದರೆ ಮತ್ತೆ ಎಲ್ಲಿಂದ ಬಂದೀತೆಂದು ಅಂಜುವವನ ಯುದ್ಧನೀತಿ ಹೀಗೆಯೇ ಇರುತ್ತದೆ.

ಹೊಸ ವಿಮಾನ ಇಲ್ಲವೇ? ಇದೆ. ಬೆಂಗಳೂರಿನ ವಿಮಾನ ಕಾರ್ಖಾನೆಯ ತೇಜಸ್. 1983ರಲ್ಲಿ ಮಂಜೂರಾದದ್ದು, 2001ರಲ್ಲಿ ಮೊದಲು ಹಾರಿದ್ದು, 2016ರಲ್ಲಿ ದಳಕ್ಕೆ ಸೇರಿದ್ದು. ಅದರ ಸುಧಾರಿತ ಮಾದರಿ 83 ಬೇಕೆಂದು 2021ರ ಫೆಬ್ರುವರಿಯಲ್ಲಿ ಕರಾರಾಯಿತು. 2024ರಲ್ಲಿ ಮೊದಲನೆಯದು ಬರಬೇಕಿತ್ತು. ಚಂಡೀಗಢದಲ್ಲಿ ಮಿಗ್‌ಗೆ ಹಾರ ಹಾಕಿದ ದಿನದವರೆಗೂ ಒಂದೂ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ? ಬೇರೆ ಕುಂದುಗಳೂ ಇದ್ದವು, ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಕಾರಣ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಎಂಜಿನ್ ಬರಲಿಲ್ಲ. 99 ಎಂಜಿನ್‌ಗಳಿಗೆ 2021ರಲ್ಲೇ 71 ಕೋಟಿ ಡಾಲರಿಗೂ ಮೇಲ್ಪಟ್ಟು ಗೊತ್ತುಮಾಡಿದ್ದರೂ, ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ.

ಗಿರಣಿಯ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ನಮ್ಮೂರ ಗಾರೆಯವನು ಕಟ್ಟಿಯಾನು, ಮರದ ಕೆಲಸ ನಮ್ಮ ಆಚಾರಿ ಮಾಡಿಯಾನು. ಎಂಜಿನ್ ಕೊಡುವವನು ಕೈಕಟ್ಟಿ ಕೂತರೆ ಬತ್ತ ಅಂಗಳದಲ್ಲೇ ಮೊಳೆಯುತ್ತದೆ. ಅಂಗಡಿಯ ಮಿತ್ರರು ಕೇಳಬಹುದು: ಹೊರಗೆ ಒಳ್ಳೆಯ ಮಾಲು ಸಿಗುವಾಗ ಕೊಂಡರಾಯಿತು, ನಾವೇ ಏಕೆ ಮಾಡಬೇಕು ಎಂದು. ಒಂದೇ ಮಂಡಿಯ ಸಾಲದಲ್ಲಿ ಬಿದ್ದ ಅಂಗಡಿಯವನ ಪಾಡು ನಿಮಗೆ ಗೊತ್ತಿಲ್ಲವೇ? 1965ರ ಯುದ್ಧದ ನಡುವೆ ಅಮೆರಿಕವೂ ಬ್ರಿಟನ್ನೂ ಶಸ್ತ್ರ ಸರಬರಾಜು ನಿಲ್ಲಿಸಿದವು. 1998ರಲ್ಲಿ ಪೋಖ್ರಾನ್ ಸ್ಫೋಟವಾದಾಗ, ತೇಜಸ್ ಕೆಲಸಕ್ಕೆಂದು ಅಮೆರಿಕದಲ್ಲಿದ್ದ ನಮ್ಮ ಎಂಜಿನಿಯರುಗಳನ್ನು ಹೊರಗಟ್ಟಿ ಅವರ ಸಲಕರಣೆ ಇಟ್ಟುಕೊಂಡರು.

ಈ ರೋಗ ಇಂದಿನದಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದದ್ದು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಮೈಸೂರು ಸರ್ಕಾರ ಜಾಗ ಕೊಟ್ಟಿತು, 25 ಲಕ್ಷ ರೂಪಾಯಿಯನ್ನೂ ಹಾಕಿತು. ಸ್ವಾತಂತ್ರ್ಯ ಬಂದ ಮೇಲೆ ಜರ್ಮನಿಯ ಹೆಸರಾಂತ ವಿಮಾನಶಿಲ್ಪಿ ಕುರ್ಟ್ ಟ್ಯಾಂಕರನ್ನು ಕರೆಸಿದರು. ಅವರ ಮಾರ್ಗದರ್ಶನದಲ್ಲಿ ನಮ್ಮವರು ಮಾರುತ್ ಎಂಬ ಯುದ್ಧವಿಮಾನ ಕಟ್ಟಿ, 1961ರ ಜೂನ್ 17ರಂದು ಹಾರಿಸಿದರು. ಏಷ್ಯದ ಎಷ್ಟು ದೇಶಗಳಿಗೆ ಆಗ ಆ ಯೋಗ್ಯತೆ ಇತ್ತು? ಶಬ್ದದ ಎರಡರಷ್ಟು ವೇಗಕ್ಕೆಂದು ಅದರ ಮೈ ರೂಪಿಸಿದ್ದರು. ಅದಕ್ಕೆ ತಕ್ಕ ಎಂಜಿನ್ ಬ್ರಿಟಿಷ್ ಕಂಪನಿಯೊಂದರ ಬಳಿ ಅರ್ಧ ಸಿದ್ಧವಾಗಿತ್ತು. ಪೂರ್ತಿ ಮಾಡಲು ತಗಲುವ ವೆಚ್ಚ ಕೊಡಿ ಎಂದಿತು ಕಂಪನಿ. ದೆಹಲಿ ಒಪ್ಪಲಿಲ್ಲ. ಉಳಿತಾಯವಾಯಿತಂತೆ! ಪುಟ್ಟ ನ್ಯಾಟ್ ವಿಮಾನಕ್ಕೆ ಬಳಸುತ್ತಿದ್ದ ಎಂಜಿನನ್ನೇ ಎರಡು ಸೇರಿಸಿ ಮಾರುತ್‌ಗೆ ತುರುಕಿದರು. ನಾಸೆರರ ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನನ್ನೂ ಒಂದಕ್ಕೆ ಕಟ್ಟಿ ನೋಡಿದರು. 1969ರಲ್ಲಿ ಅದೂ ನಿಂತಿತು. ಮಾರುತನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಅಷ್ಟು ಕುಂಟಿದರೂ ಮಾರುತ್ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಹೋರಾಡಿತು. ಆದರೇನು, 147 ಕಟ್ಟಿ ನಿಲ್ಲಿಸಿದರು. ಅದನ್ನು ಕಟ್ಟಿ ಕಲಿತವರು ನಿವೃತ್ತರಾದರು, ಕಲಿತದ್ದೂ ಅವರ ಜತೆ ಮನೆಗೆ ಹೋಯಿತು.

ಎಂಜಿನ್ ನಾವೇ ಮಾಡುತ್ತೇವೆಂದು ಕಾವೇರಿ ಹೆಸರಿನಲ್ಲಿ 1989ರಲ್ಲಿ ಮತ್ತೆ ಹೊರಟರು. ಮಂಜೂರು 382 ಕೋಟಿ. ಕೆಲಸ ಹುಡುಗಾಟವಲ್ಲ: ಲೋಹವೇ ಕರಗುವಷ್ಟು ಬಿಸಿಯಾದ ಗಾಳಿಯಲ್ಲಿ ಅದೇ ಲೋಹದ ಅಲಗುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು, ಬಾಗಬಾರದು, ಬಿರಿಯಬಾರದು. ಪ್ರಪಂಚದಲ್ಲಿ ಇದನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ನಮ್ಮವರ ಎಂಜಿನ್ ಹೊತ್ತಿತು, ತಿರುಗಿತು. ಆದರೆ ತೂಕ ಹೆಚ್ಚಾಯಿತು, ಬಲ ಸಾಲಲಿಲ್ಲ. ಎತ್ತರದಲ್ಲಿ ಹೇಗೆ ನಡೆಯುತ್ತದೆಂದು ಪರೀಕ್ಷಿಸುವ ಸೌಕರ್ಯವೂ ಇಲ್ಲಿರದೆ ರಷ್ಯಕ್ಕೆ ಹೊತ್ತೊಯ್ಯಬೇಕಾಯಿತು. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರ್ಪಡಿಸಿದರು. ಇಪ್ಪತ್ತು ವರ್ಷಕ್ಕೆ ಖರ್ಚಾದದ್ದು ಸುಮಾರು 2,000 ಕೋಟಿ. ಅಬ್ಬಾ, ಎಷ್ಟು ಪೋಲು ಎಂದು ಪತ್ರಿಕೆಗಳು ಬರೆದವು.

ಪೋಲೇ? 2016ರಲ್ಲಿ ಫ್ರಾನ್ಸಿನಿಂದ 36 ರಫೇಲ್ ಕೊಂಡರು. ಆಯುಧ, ಬಿಡಿಭಾಗ ಸೇರಿ ಸುಮಾರು 59,000 ಕೋಟಿ. ಒಂದಕ್ಕೆ 1,600 ಕೋಟಿಗೂ ಮೇಲೆ. ಎಂದರೆ ಇಪ್ಪತ್ತು ವರ್ಷ ಒಂದು ಇಡೀ ಸಂಸ್ಥೆ ಎಂಜಿನ್‌ಗಾಗಿ ಮಾಡಿದ ಖರ್ಚು, ಪರದೇಶದ ಒಂದೂಕಾಲು ವಿಮಾನದ ಬೆಲೆ! ಇಷ್ಟು ಜಿಪುಣತನದಿಂದ ಜಗತ್ತಿನಲ್ಲಿ ಯಾರು ಎಂಜಿನ್ ಮಾಡಿದ್ದಾರೆ?

ಆ ಡಾಲರು, ಯೂರೋ ಎಲ್ಲಿಂದ ಬರುತ್ತದೆಂಬುದೂ ನಮಗೆ ಗೊತ್ತಿರಲಿ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಕರ್ನಾಟಕದ ಗುಡ್ಡಗಳಲ್ಲಿ. ಮಳೆಯಲ್ಲಿ ನೆಂದು, ಜಿಗಣೆಗೆ ರಕ್ತ ಕೊಟ್ಟು ತೋಟದ ಆಳು ದುಡಿಯುತ್ತಾನೆ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಹೆಂಗಸರು ಬೀಜ ಆರಿಸುತ್ತಾರೆ. 2024-25ರಲ್ಲಿ ಇಡೀ ದೇಶ ಕಾಫಿ ಕಳಿಸಿ ಗಳಿಸಿದ್ದು ಸುಮಾರು 180 ಕೋಟಿ ಡಾಲರ್, ಅದೂ ಬೆಲೆ ಆಕಾಶಕ್ಕೇರಿದ ವರ್ಷ. ಆ 36 ವಿಮಾನಗಳಿಗೆ ಅಂಥ ನಾಲ್ಕೈದು ವರ್ಷದ ಕಾಫಿ ಬೇಕು. ಪಕ್ಕದ ಕುದುರೆಮುಖದಲ್ಲಿ ಗುಡ್ಡ ಅಗೆದು, ಅದಿರನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ ಹಡಗು ಹತ್ತಿಸಿದ್ದನ್ನೂ ಕಂಡವರು ನಾವು. ಕಚ್ಚಾಮಾಲು ಹೊರಗೆ, ಯಂತ್ರ ಒಳಗೆ.

ಈಗ ತಪ್ಪನ್ನು ಹೊರಿಸುವುದಕ್ಕೆ ಒಬ್ಬ ಸಿಕ್ಕಿದ್ದಾನೆ: ಸರ್ಕಾರಿ ಕಾರ್ಖಾನೆ, ಅದರ ಕಾರ್ಮಿಕ. 126 ವಿಮಾನ ಕೊಂಡು ಅದರಲ್ಲಿ 108ನ್ನು ಇಲ್ಲೇ ಕಟ್ಟುವ ಹಿಂದಿನ ಯೋಜನೆಯನ್ನು 2015ರಲ್ಲಿ ಕೈಬಿಟ್ಟವರು ಕಾರ್ಮಿಕರೇ? 2017ರಿಂದ ಬರಬೇಕಾದ ವೇತನ ಪರಿಷ್ಕರಣೆಗಾಗಿ ಅವರು 2019ರ ಅಕ್ಟೋಬರಿನಲ್ಲಿ ಬೀದಿಗಿಳಿಯಬೇಕಾಯಿತು. 2025ರ ಮೇ ತಿಂಗಳಲ್ಲಿ ಸರ್ಕಾರ, ಮುಂದಿನ ಯುದ್ಧವಿಮಾನದ ಕೆಲಸಕ್ಕೆ ಖಾಸಗಿ ಕಂಪನಿಗಳೂ ಪೈಪೋಟಿ ಮಾಡಲಿ ಎಂದಿದೆ. ಕಾರ್ಖಾನೆಯಲ್ಲಿ ಆಲಸ್ಯವಿಲ್ಲ, ಅಧಿಕಾರಶಾಹಿ ಇಲ್ಲ ಎಂದು ನಾನು ವಾದಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ಯಲಹಂಕದಲ್ಲೇ ವಿಮಾನದಳದ ಮುಖ್ಯಸ್ಥರು ಅದರ ಮೇಲೆ ನಂಬಿಕೆಯಿಲ್ಲವೆಂದರು. ಆದರೆ ಖಾಸಗಿ ಧಣಿ ಬಂದರೆ ಎಂಜಿನ್ ಎಲ್ಲಿಂದ ತರುತ್ತಾನೆ? ಅದೇ ಮಂಡಿಯಿಂದ. ಲಾಭದ ಲೆಕ್ಕ ಮೂರು ತಿಂಗಳಿಗೊಮ್ಮೆ ಒಪ್ಪಿಸುವವನು ಇಪ್ಪತ್ತು ವರ್ಷ ಅಲಗು ಕಾಯಿಸುತ್ತ ಕೂರುತ್ತಾನೆಯೇ?

ಆ ಮುಂದಿನ ವಿಮಾನದ ಎಂಜಿನನ್ನು ಫ್ರೆಂಚ್ ಕಂಪನಿಯೊಡನೆ ಇಲ್ಲೇ ಮಾಡುವುದೆಂದು ರಕ್ಷಣಾ ಮಂತ್ರಿಗಳು 2025ರ ಆಗಸ್ಟಿನಲ್ಲಿ ಸಾರಿದರು. ಒಳ್ಳೆಯದು. ನಮ್ಮ ಕ್ಷೇತ್ರದ ಸಂಸದರು ಮುಂದಿನ ಸಲ ಕಳಸಕ್ಕೆ ಬಂದಾಗ, ಕಲಶೇಶ್ವರನ ದರ್ಶನವಾದ ಮೇಲೆ, ಗಿರಣಿಯವರೂ ಅಂಗಡಿಯವರೂ ಒಟ್ಟಾಗಿ ಹೋಗಿ ಕೇಳಿ: ಆ ಎಂಜಿನ್ನಿನ ನಕ್ಷೆ ಯಾರ ಹೆಸರಿನಲ್ಲಿರುತ್ತದೆ? ಅಲಗು ಎರಕ ಹೊಯ್ಯುವ ವಿದ್ಯೆ ನಮ್ಮ ಕಾರ್ಮಿಕನಿಗೆ ಬರುತ್ತದೆಯೇ, ಇಲ್ಲ ಪೆಟ್ಟಿಗೆಯಲ್ಲಿ ಬಂದದ್ದನ್ನು ತಿರುಪು ಹಾಕಿ ಕೂರಿಸುವುದಷ್ಟೇ ಅವನ ಪಾಲೇ? ಎತ್ತರದ ಪರೀಕ್ಷೆಗೆ ಮತ್ತೆ ರಷ್ಯಕ್ಕೆ ಹೋಗಬೇಕೆ? ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಕೊಡಲಿ. ಕೊಟ್ಟರೆ ಈ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತೇವೆ.