ಗುರುತು ಪಠ್ಯದಲ್ಲೇ ಇರಲಿ

ಹಿಂದೂಪುರದ ಪಕ್ಕದ ಲೇಪಾಕ್ಷಿ ದೇವಾಲಯದಲ್ಲಿ ಅಚ್ಯುತದೇವರಾಯನ ಕಾಲದ ಕನ್ನಡ ಶಾಸನಗಳಿವೆ. ಅದೇ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಕಲ್ಲುಗಳೂ ಕನ್ನಡವನ್ನೇ ನುಡಿಯುತ್ತವೆ. ಶಾಸನ ಕೆತ್ತುವವನ ಕೈಯಲ್ಲಿ ದಪ್ಪಕ್ಷರವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಆದರೂ ಓದುವವನಿಗೆ ಗೊಂದಲವಿಲ್ಲ: ‘ಸ್ವಸ್ತಿ’ ಬಂದರೆ ಆರಂಭ, ಶಾಪಶ್ಲೋಕ ಬಂದರೆ ದತ್ತಿಯ ವಿವರ ಮುಗಿಯಿತು. ಚಂಪೂಕಾವ್ಯಗಳಲ್ಲಿ ಈ ಪದ್ಧತಿ ಇನ್ನೂ ಚೊಕ್ಕ. ಪದ್ಯದ ಮುಂದೆ ‘ಕಂ’ ಇದ್ದರೆ ಕಂದ, ‘ವೃ’ ಇದ್ದರೆ ವೃತ್ತ, ‘ವ’ ಇದ್ದರೆ ವಚನ. ಯಾವ ಭಾಗ ಏನು ಎಂಬುದನ್ನು ಅಕ್ಷರವೇ ಹೇಳುತ್ತದೆ, ಅಕ್ಷರದ ರೂಪವಲ್ಲ. ಪ್ರತಿ ಮಾಡುವವರು ಬದಲಾದರೂ ಆ ಮಾಹಿತಿ ಅಳಿಯಲಿಲ್ಲ.

ಕಂಪ್ಯೂಟರ್ ಬಂದಮೇಲೆ ನಾವು ಈ ವಿವೇಕವನ್ನು ಬಿಟ್ಟುಕೊಟ್ಟೆವು ಎಂಬುದು ನನ್ನ ವಾದ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ತೆಲುಗಿನ ಅನು ಫಾಂಟುಗಳ ಕಥೆಯೂ ಅದೇ. ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ತೆಲುಗಿಗೆಂದು ಸಜ್ಜಾದ ಡಿಟಿಪಿ ಕಂಪ್ಯೂಟರಿನಲ್ಲಿ, ನುಡಿ ಫಾಂಟ್ ಇಲ್ಲದೆ, ಕನ್ನಡ ಶಾಲೆಯೊಂದರ ಪ್ರಶ್ನೆಪತ್ರಿಕೆಯ ಕಡತ ತೆರೆದರೆ ತೆರೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಶೀರ್ಷಿಕೆ ಯಾವುದು, ಪ್ರಶ್ನೆ ಯಾವುದು ಎಂಬುದಿರಲಿ, ಅದು ಕನ್ನಡವೆಂಬುದೇ ತಿಳಿಯದು. ಒಳನಾಡಿನಲ್ಲಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಗಡಿಯ ಕನ್ನಡಿಗನಿಗೆ ಆ ಅನುಕೂಲವೂ ಕಡಿಮೆ.

ಯೂನಿಕೋಡ್ ಅಕ್ಷರಗಳನ್ನು ಉಳಿಸಿತು. ಪಠ್ಯದ ರಚನೆಯನ್ನು ಉಳಿಸಲು ಹಗುರವಾದ ಗುರುತುಗಳ ಪದ್ಧತಿ ಬೇಕು. 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಮಾರ್ಕ್‌ಡೌನ್ ಅಂಥದ್ದು. ಸಾಲಿನ ಮೊದಲಿಗೆ # ಹಾಕಿದರೆ ಶೀರ್ಷಿಕೆ, ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಹಾಕಿದರೆ ದಪ್ಪಕ್ಷರ. ಯಾವ ತಂತ್ರಾಂಶವೂ ಇಲ್ಲದೆ, ಮೊಬೈಲಿನಲ್ಲಿ ಬರಿ ಪಠ್ಯವಾಗಿ ತೆರೆದರೂ ಓದಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರಿಗೆ ಇಂಥದೇ ಇನ್ನೊಂದು ಗುರುತುಪದ್ಧತಿ ಕೈಗೂಡಿದೆ. ಹಾಗಾಗಿ ಇದು ಕಂಪ್ಯೂಟರ್ ಪರಿಣತರಿಗೆ ಮಾತ್ರ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ.

ಒಪ್ಪಬೇಕಾದ ಆಕ್ಷೇಪ ಬೇರೆಯಿದೆ: ಈ ನಿಯಮಗಳನ್ನು ರೂಪಿಸಿದವರ ಕಣ್ಣಮುಂದೆ ಕನ್ನಡ ಇರಲಿಲ್ಲ. ‘1.’ ಎಂದು ಬರೆದರೆ ಪಟ್ಟಿಯಾಗುತ್ತದೆ, ‘೧.’ ಎಂದರೆ ಆಗುವುದಿಲ್ಲ. ಷಟ್ಪದಿಯ ಆರು ಸಾಲುಗಳನ್ನು ಹಾಗೇ ಟೈಪ್ ಮಾಡಿದರೆ ಎಲ್ಲವೂ ಕೂಡಿ ಒಂದೇ ಗದ್ಯಖಂಡವಾಗುತ್ತದೆ. ಸಾಲು ಒಡೆಯಲು ಕೊನೆಯಲ್ಲಿ ಎರಡು ಖಾಲಿ ಜಾಗ ಬಿಡಬೇಕು, ಅವು ಕಣ್ಣಿಗೇ ಕಾಣವು. ಪದ್ಯವೇ ಪ್ರಾಣವಾದ ಭಾಷೆಗೆ ಇದು ಸಣ್ಣ ತೊಡಕಲ್ಲ.

ವಿಭಕ್ತಿ ಪ್ರತ್ಯಯದ ತೊಡಕು ಇನ್ನೂ ಸೂಕ್ಷ್ಮ. ಒತ್ತು ಕೊಡಲು _ಲೇಪಾಕ್ಷಿ_ ಎಂದು ಅಡಿಗೆರೆಗಳ ನಡುವೆ ಇಟ್ಟರೆ ಸರಿ; _ಲೇಪಾಕ್ಷಿ_ಯಲ್ಲಿ ಎಂದೊಡನೆ ಗುರುತು ಕೆಲಸ ಮಾಡದೆ ಅಡಿಗೆರೆಗಳು ಹಾಗೇ ಉಳಿಯುತ್ತವೆ. ಪ್ರೋಗ್ರಾಮುಗಳಲ್ಲಿ ಹೆಸರಿನ ನಡುವೆ ಅಡಿಗೆರೆ ಬರುವ ರೂಢಿಯಿದೆ. ಅದನ್ನು ಕಾಯಲೆಂದು, ಮಾರ್ಕ್‌ಡೌನಿಗಾಗಿ 2014ರಲ್ಲಿ ಹೊರಬಂದ ಕಾಮನ್‌ಮಾರ್ಕ್ ನಿಯಮಾವಳಿ ಪದದ ನಡುವಿನ ಅಡಿಗೆರೆಯನ್ನು ಗುರುತೆಂದು ಎಣಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಇನ್’ ಪದದಿಂದ ದೂರ ನಿಲ್ಲುತ್ತದೆ, ನಮ್ಮ ‘ಅಲ್ಲಿ’ ಪದಕ್ಕೆ ಅಂಟಿಕೊಳ್ಳುತ್ತದೆ. ನಕ್ಷತ್ರ ಬಳಸಿದರೆ ಈ ತೊಂದರೆಯಿಲ್ಲ. ಕನ್ನಡದಲ್ಲಿ ಬರೆಯುವವರು ಅಡಿಗೆರೆಯನ್ನು ಬಿಟ್ಟು ನಕ್ಷತ್ರವನ್ನೇ ರೂಢಿಸಿಕೊಳ್ಳುವುದು ಮೇಲು.

ಇವು ಪದ್ಧತಿಯನ್ನು ತಿರಸ್ಕರಿಸಲು ಕಾರಣಗಳಲ್ಲ, ತಿದ್ದಲು ಕಾರಣಗಳು. ಕಾಮನ್‌ಮಾರ್ಕ್‌ನ ನಿಯಮಗಳು ಬಹಿರಂಗವಾಗಿಯೇ ಚರ್ಚೆಯಾಗುತ್ತವೆ. ಕನ್ನಡ ಅಂಕಿಯ ಪಟ್ಟಿ, ಪ್ರತ್ಯಯ ಹತ್ತಿದ ಪದ, ಸಾಲು ಮುರಿಯದ ಪದ್ಯ, ಈ ಮೂರನ್ನೂ ಉದಾಹರಣೆ ಸಮೇತ ಅಲ್ಲಿ ಮುಂದಿಡುವ ಕೆಲಸವನ್ನು ಕನ್ನಡ ಬಲ್ಲ ತಂತ್ರಜ್ಞರು ಮಾಡಬೇಕು.