ರೈಲ್ವೆ ಗೇಟು, ಮಿದುಳು ಮತ್ತು ಬಿಜಾಪುರದ ಬಿಸಿಲು

ಬಿಜಾಪುರದ ಇಬ್ರಾಹಿಂಪುರ ರೈಲ್ವೆ ಗೇಟ್ ಮುಂದೆ ನಿಂತು ಬೆವರು ಒರೆಸಿಕೊಂಡವರಿಗೆ ಮೈಕ್ರೋ ಆರ್‌ಎನ್‌ಎ ಏನೆಂದು ಹೇಳುವುದು ಸುಲಭ. ಗೇಟು ಬಿದ್ದರೆ ರಸ್ತೆ ಕಿತ್ತುಹೋಗುವುದಿಲ್ಲ, ಟಂಟಂನ ಎಂಜಿನ್ ಕೆಡುವುದಿಲ್ಲ. ಹೋಗಬೇಕಾದ್ದು ಹೋಗುವುದಿಲ್ಲ, ಅಷ್ಟೇ. ಜೀವಕೋಶದೊಳಗೂ ಹಾಗೇ. ಡಿಎನ್‌ಎಯಿಂದ ಹೊರಟ ಸಂದೇಶ ಪ್ರೋಟೀನ್ ಆಗುವ ಮೊದಲೇ ಸುಮಾರು 22 ಅಕ್ಷರಗಳ ಪುಟ್ಟ ತುಂಡೊಂದು ಬಂದು ಅಂಟಿಕೊಂಡು ತಡೆಯುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡರು. ಹುಳುವಿನ ಗೊಡವೆ ನಮಗ್ಯಾಕೆ ಎಂದು ಬಹಳ ಮಂದಿ ಸುಮ್ಮನಾದರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಗೇಟುಗಳಿಗೂ ಖಿನ್ನತೆಗೂ ನಂಟಿದೆ ಎಂಬ ಸುದ್ದಿಯಿದೆ. 2014ರಲ್ಲಿ ಮಾಂಟ್ರಿಯಲ್‌ನ ಸಂಶೋಧಕ ಗುಸ್ಟಾವೊ ಟುರೆಕಿ ಅವರ ತಂಡ, ಖಿನ್ನತೆಯಿಂದ ಬಳಲಿ ತೀರಿಕೊಂಡವರ ಮಿದುಳಿನಲ್ಲಿ 1202 ಎಂಬ ನಂಬರಿನ ಮೈಕ್ರೋ ಆರ್‌ಎನ್‌ಎ ಕಡಿಮೆ ಇರುವುದನ್ನು ತೋರಿಸಿತು. ನಮ್ಮ ಬೆಂಗಳೂರಿನಲ್ಲೂ 2016ರಿಂದ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳ ರಕ್ತ ಪಡೆದು, ಅದರ ಕಣಗಳಿಂದ ಪ್ರಯೋಗಾಲಯದಲ್ಲೇ ನರಕೋಶ ಬೆಳೆಸಿ ನೋಡುತ್ತಿವೆ. ಲಿಥಿಯಂ ಎಂಬ ಔಷಧಿ ಕೆಲವರಿಗೆ ಹತ್ತಿ ಕೆಲವರಿಗೆ ಹತ್ತದಿರುವುದು ಯಾಕೆ ಎಂಬುದೂ ಅವರ ಹುಡುಕಾಟದಲ್ಲಿದೆ.

ತಿಕೋಟಾ ಕಡೆಯ ಪರಿಚಯದ ಅವ್ವ ಒಬ್ಬರು ಈ ಸುದ್ದಿ ಕೇಳಿ ನನ್ನನ್ನು ಹಿಡಿದರು: “ರಕ್ತಾ ತಗದು ನೋಡಿದ್ರ ಈ ಬ್ಯಾನಿ ಗೊತ್ತಾಕ್ಕೈತೇನ್ರಿ?” ಅವರ ಮಗ ಒಣದ್ರಾಕ್ಷಿ ಮಾರಿದ ರೊಕ್ಕದಲ್ಲಿ ಒಂದೇ ವಾರದೊಳಗೆ ಎರಡು ಹಳೆಯ ಟ್ರ್ಯಾಕ್ಟರ್ ಕೊಂಡಿದ್ದ, ನಿದ್ದೆಯಿಲ್ಲದೆ ರಾತ್ರಿಯೆಲ್ಲ ಊರವರಿಗೆ ಫೋನ್ ಹಚ್ಚಿದ್ದ. ದೀಪಾವಳಿ ಹೊತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದ. ಊರು ಮೊದಲು ಸೊಕ್ಕು ಅಂದಿತು, ಆಮೇಲೆ ಮೈಗಳ್ಳತನ ಅಂದಿತು. “ಧಾರವಾಡಕ್ಕ ಕಳಸ್ರಿ” ಎಂದು ನಕ್ಕವರೂ ಇದ್ದರು. ನಮ್ಮ ಕಡೆ ಧಾರವಾಡದ ಮಾನಸಿಕ ಆಸ್ಪತ್ರೆಯ ಹೆಸರು ಇನ್ನೂ ಬೈಗುಳವಾಗಿಯೇ ಉಳಿದಿದೆ.

ಅವ್ವನಿಗೆ ನಾನು ಹೇಳಿದ್ದು, ಇಲ್ಲ ಎಂದೇ. ಒಂದೊಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳನ್ನು ತಡೆಯಬಲ್ಲದು. ಒಂದೇ ನಂಬರ್ ನೋಡಿ ರೋಗದ ಹೆಸರು ಬರೆಯಲಾಗದು. ಯಾರಾದರೂ ಅಂಥ ಪರೀಕ್ಷೆ ಮಾರಲು ಬಂದರೆ ರೊಕ್ಕ ಕೊಡಬೇಡಿ. ಈಗಲೂ ರೋಗ ಗುರುತಿಸುವುದು ಡಾಕ್ಟರು ಎದುರು ಕುಳಿತು ಕೇಳುವ ಮಾತಿನಿಂದಲೇ: ನಿದ್ದೆ ಎಷ್ಟು, ಹಸಿವು ಎಷ್ಟು, ಖರ್ಚು ಎಷ್ಟು.

ನಿಜವಾಗಿ ಬೇಕಾದ ರಕ್ತಪರೀಕ್ಷೆ ಬೇರೆ, ಅದು ಹಳೆಯದು. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ತೋರಿಸಿಕೊಟ್ಟ ಲಿಥಿಯಂ ಇಂದಿಗೂ, ಆ ಮಗನಂತೆ ಮನಸ್ಸು ಏರಿ ಇಳಿಯುವ ಬೈಪೋಲಾರ್ ಕಾಯಿಲೆಗೆ ದೊಡ್ಡ ಆಸರೆ. ಆದರೆ ಔಷಧಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಡಿಮೆ. ರಕ್ತದಲ್ಲಿ ಅದರ ಮಟ್ಟವನ್ನು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತಾರೆ. 40 ಡಿಗ್ರಿ ದಾಟುವ ಬಿಜಾಪುರದ ಬೇಸಿಗೆಯಲ್ಲಿ ತೋಟದಲ್ಲಿ ದುಡಿದು ಬೆವರು ಸುರಿಸಿ, ನೀರು ಕಡಿಮೆ ಕುಡಿದರೆ ಲಿಥಿಯಂ ಮೈಯಲ್ಲೇ ಏರುತ್ತದೆ. ಮೈಕೈ ನೋವೆಂದು ಅಂಗಡಿಯಲ್ಲಿ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಗುಳಿಗೆ ಕೇಳಿ ನುಂಗಿದರೂ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿನ ಝಳ ಎಂದು ಮಜ್ಜಿಗೆ ಕುಡಿಸಿ ಮಲಗಿಸುವುದಲ್ಲ.

ಮನೆಯಲ್ಲಿ ಲಿಥಿಯಂ ತೆಗೆದುಕೊಳ್ಳುವವರಿದ್ದರೆ ಯುಗಾದಿಗೆ ಮುಂಚೆ ಒಮ್ಮೆ ಲೆವೆಲ್ ಮಾಡಿಸಿ, ಕಿಡ್ನಿ ಮತ್ತು ಥೈರಾಯ್ಡ್ ಕೂಡ ನೋಡಿಸಿ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಂಖ್ಯೆ 14416 ಇದೆ. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.